ಬಚ್ಚಲ ಗೋಡೆಯ ಮೇಲೆ ಅಮ್ಮನ ನೆರಳು

ನಮ್ಮ ಊರಿನಲ್ಲಿ ಯಾರೂ ಇನ್ನೊಬ್ಬರ ನೆರಳನ್ನು ದಿಟ್ಟಿಸಿ ನೋಡುವುದಿಲ್ಲ. ಮಗು ಮಾತು ಕಲಿಯುವ ಹೊತ್ತಿಗೇ ಈ ಪಾಠ ಶುರುವಾಗುತ್ತದೆ. 'ಮುಖ ನೋಡಿ ಮಾತಾಡು, ನೆಲ ನೋಡ್ಬೇಡ' ಎಂದು ದೊಡ್ಡವರು ಗದರುತ್ತಾರೆ. ನಮ್ಮಲ್ಲಿ ನೆರಳು ಕೈ ಮಾಡಿದ್ದನ್ನು ಮಾಡುವುದಿಲ್ಲ, ಮನಸ್ಸಿನಲ್ಲಿ ಹಾದುಹೋದದ್ದನ್ನು ಮಾಡುತ್ತದೆ. ಹೆಡ್‌ಮಾಸ್ಟರು ಪ್ರಾರ್ಥನೆಗೆ ನೆಟ್ಟಗೆ ನಿಂತಿದ್ದರೆ ಅವರ ನೆರಳು ಮೈದಾನದಲ್ಲಿ ಮಗ್ಗುಲಾಗಿ ಮಲಗಿರುತ್ತದೆ. ಮದುವೆಯ ಪಂಕ್ತಿಯಲ್ಲಿ 'ಸಾಕು, ಸಾಕು' ಎಂದು ಎಲೆಗೆ ಕೈ ಅಡ್ಡ ಹಿಡಿದವರ ನೆರಳು ಪಕ್ಕದೆಲೆಯ ಹೋಳಿಗೆಗೆ ಕೈ ಹಾಕಿರುತ್ತದೆ. ಹಾಗಾಗಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೋಡ ಮುಚ್ಚಿದ ದಿನವೇ ಆಗಬೇಕು. ನ್ಯಾಯ ಪಂಚಾಯ್ತಿ ಸೂರ್ಯ ನೆತ್ತಿಯ ಮೇಲೆ ಬಂದಾಗಲೇ ಕೂರಬೇಕು. ಬಟ್ಟೆ ಅಂಗಡಿಯವರು ನಾಲ್ಕು ಗೋಡೆಗೂ ಟ್ಯೂಬ್‌ಲೈಟು ಹಾಕಿ ಗಿರಾಕಿಗಳ ನೆರಳು ಎಲ್ಲೂ ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ನಾನು ಮಾತ್ರ ಚಿಕ್ಕಂದಿನಿಂದಲೂ ಕದ್ದು ನೋಡುವವಳು. ಎಷ್ಟು ಬೈಸಿಕೊಂಡರೂ ಆ ಚಟ ಹೋಗಲಿಲ್ಲ. ಜನ ಏನು ಹೇಳುತ್ತಾರೆ ಎನ್ನುವುದಕ್ಕಿಂತ ಹೇಳುವಾಗ ಅವರೊಳಗೆ ಏನು ಓಡುತ್ತಿರುತ್ತದೆ ಎಂಬ ಕುತೂಹಲ ನನಗೆ.

ನನ್ನ ಅಮ್ಮ ಸರ್ವಮಂಗಳ. ಊರಿಗೆ ನೀರು ಹಾಕುವ ಮಂಗಳಕ್ಕ. ಯಾರ ಮನೆಯಲ್ಲಿ ಹೆರಿಗೆಯಾದರೂ ಎಳೆಮಗುವಿಗೆ ನೀರು ಹಾಕಲು ಅಮ್ಮನಿಗೇ ಹೇಳಿಕಳಿಸುತ್ತಿದ್ದರು. ಅಮ್ಮ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿಗೆ ಸರಿಸಿ, ಎರಡೂ ಕಾಲು ನೀಡಿ, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಳ್ಳುತ್ತಿದ್ದಳು. ನೆತ್ತಿಗೆ ಹರಳೆಣ್ಣೆ ಒತ್ತಿ, ಮೈಗೆ ಕಡಲೆಹಿಟ್ಟು ತೀಡಿ, ಹಂಡೆಯ ನೀರನ್ನು ಮೊದಲು ತನ್ನ ಮೊಣಕೈಗೆ ಹೊಯ್ದುಕೊಂಡು ನೋಡುತ್ತಿದ್ದಳು. ಆಮೇಲೆ ಮಗುವಿನ ಹಣೆಗೆ ಅಂಗೈ ಅಡ್ಡ ಹಿಡಿದು ತಂಬಿಗೆ ಬಗ್ಗಿಸುತ್ತಿದ್ದಳು. ಕಿರುಚುತ್ತಿದ್ದ ಮಕ್ಕಳು ಅಮ್ಮನ ಕಾಲ ಮೇಲೆ ಬಂದೊಡನೆ ಯೋಚನೆಯಲ್ಲಿ ಬಿದ್ದವರ ಹಾಗೆ ಸುಮ್ಮನಾಗುತ್ತಿದ್ದವು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬಹಳ ಕುಗ್ಗಿಹೋಗಿದ್ದಳು. ಹಗಲೆಲ್ಲ ಹಾಸಿಗೆ ಬಿಟ್ಟೇಳುತ್ತಿರಲಿಲ್ಲ. ಆಗ ಆಸ್ಪತ್ರೆಯ ಡಾಕ್ಟರ್ ಜುಬೇದಾ ಒಂದು ಬಿಳಿ ಮಾತ್ರೆ ಬರೆದುಕೊಟ್ಟರು. ನಿಧಾನಕ್ಕೆ ಅಮ್ಮ ಎದ್ದು ಓಡಾಡಿದಳು, ಮತ್ತೆ ಮಕ್ಕಳಿಗೆ ನೀರು ಹಾಕಲು ಹೊರಟಳು. ಮಾತ್ರೆ ಹಾಗೇ ಮುಂದುವರಿದಿತ್ತು.

ನನಗೆ ಹೆಣ್ಣುಮಗುವಾಗಿ ಬಾಣಂತನಕ್ಕೆ ತವರಿಗೆ ಬಂದಾಗ ಅಮ್ಮನಲ್ಲಿ ಏನೋ ಬದಲಾಗಿದೆ ಅನ್ನಿಸಿತು. ನನ್ನ ಖಾರದಪುಡಿ, ಮೆಣಸಿನ ಸಾರು, ಅಗ್ಗಿಷ್ಟಿಕೆ ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಆದರೆ ಮಗುವನ್ನು ಎತ್ತಿಕೊಂಡಾಗ ಅಮ್ಮನ ತುಟಿ ಬಿಳಚಿಕೊಳ್ಳುತ್ತಿತ್ತು. ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿ ತರಕಾರಿಯನ್ನು ಪಕ್ಕದ ಮನೆಯವರ ಹತ್ತಿರ ಹೆಚ್ಚಿಸಿಕೊಂಡು ಬರುತ್ತಿದ್ದಳು. ಎಲ್ಲಕ್ಕಿಂತ ವಿಚಿತ್ರವೆಂದರೆ ಬಚ್ಚಲುಮನೆ. ಪೂರ್ವದ ಬಿಸಿಲು ಧಾರಾಳವಾಗಿ ಬೀಳುತ್ತಿದ್ದ ಕಿಟಕಿಗೆ ಗೋಣಿತಾಟು ಜಡಿದಿದ್ದಳು. ಕೇಳಿದರೆ 'ಗಾಳಿ ಕಣೆ, ಮಗೂಗೆ ಶೀತ ಆಗುತ್ತೆ' ಅಂದಳು. ಗಾಳಿಗಾದರೆ ಕಿಟಕಿಯ ಬಾಗಿಲು ಹಾಕಿದ್ದರೆ ಸಾಕಿತ್ತಲ್ಲ ಎಂದು ನನಗೆ ಹೊಳೆಯಿತು.

ಒಂದು ಬೆಳಗ್ಗೆ ಸೌದೆ ಹಸಿಯಿತ್ತೇನೋ, ಬಚ್ಚಲೊಲೆಯ ಹೊಗೆ ಮನೆ ತುಂಬಿತು. ಮಗು ಕೆಮ್ಮಿತು. ನಾನು ಎದ್ದು ಹೋಗಿ 'ಉಸಿರು ಕಟ್ಟುತ್ತಲ್ಲಮ್ಮ' ಎನ್ನುತ್ತ ಗೋಣಿತಾಟನ್ನು ಹಿಡಿದು ಎಳೆದೆ. ಬಿಸಿಲು ಒಳಗೆ ಬಿತ್ತು. ಅಮ್ಮನ ಕೈ ಎಂದಿನ ಹಾಗೆ ಮಗುವಿನ ಹಣೆಯನ್ನು ಆತುಕೊಂಡಿತ್ತು, ತಂಬಿಗೆಯಿಂದ ನೀರು ಸಣ್ಣಗೆ ಇಳಿಯುತ್ತಿತ್ತು. ಗೋಡೆಯ ಮೇಲಿನ ಅಮ್ಮ ಮಾತ್ರ ಮಗುವಿನ ಕತ್ತು ಹಿಡಿದು ಅದರ ಮುಖವನ್ನು ನೀರಿನ ಹಂಡೆಗೆ ಅದುಮುತ್ತಿದ್ದಳು. ಒಮ್ಮೆಯಲ್ಲ, ಎತ್ತಿ ಎತ್ತಿ ಅದುಮುತ್ತಿದ್ದಳು. ನಾನು ನಿಂತಲ್ಲೇ ನಿಂತಿದ್ದೆ, ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಆದರೆ ನನ್ನ ನೆರಳು ಗೋಡೆಯ ಮೇಲೆ ಹಾರಿಹೋಗಿ, ಅಮ್ಮನ ನೆರಳನ್ನು ದಬ್ಬಿ, ಮಗುವನ್ನು ಕಿತ್ತುಕೊಂಡಿತು. ಅಮ್ಮ ತಲೆಯೆತ್ತಿ ಅದನ್ನೂ ನೋಡಿದಳು. ತಂಬಿಗೆ ಕೆಳಗಿಟ್ಟು, ಮಗುವಿನ ಮೈಯನ್ನು ನಿಧಾನಕ್ಕೆ ಒರೆಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. 'ತಗೊ. ನಾಳೆಯಿಂದ ಬೇರೆಯವರಿಗೆ ಹೇಳು' ಅಂದಳು.

ಗೋಣಿತಾಟನ್ನು ಮತ್ತೆ ಜಡಿದು ಅಡುಗೆಮನೆ ಸೇರಿದ ಅಮ್ಮ ಆ ದಿನವೆಲ್ಲ ಈಚೆಗೆ ಬರಲಿಲ್ಲ. ನನಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೆದರಿಕೆಯ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಕೂತಿತ್ತು. ಹಾಗೆ ಮಾಡಬೇಕು ಎಂದು ಮನಸ್ಸಿರುವವಳ ಕೈ ಅಷ್ಟು ಮೆತ್ತಗೆ ಹೇಗಿರುತ್ತದೆ? ಮಗುವಿಗೆ ಹಾಲು ಕುಡಿಸಿ ಮಲಗಿಸಿ ಅಡುಗೆಮನೆಗೆ ಹೋಗಿ ಅಮ್ಮನ ಎದುರು ಕೂತೆ.

'ಯಾವಾಗಿಂದಮ್ಮ?'

ಅಮ್ಮ ಅವರೆಕಾಳು ಬಿಡಿಸುತ್ತಲೇ ಇದ್ದಳು. 'ನೀನು ಬಸುರಿ ಅಂತ ಗೊತ್ತಾದ ಮೇಲೆ ಮಾತ್ರೆ ಅರ್ಧ ಮಾಡ್ಕೊಂಡೆ. ಆಮೇಲೆ ಬಿಟ್ಟೇಬಿಟ್ಟೆ. ಮಂಪರು ಬರ್ತಿತ್ತು. ಬಾಣಂತನ ಮಾಡೋಳು ತೂಕಡಿಸ್ತಾ ಕೂತ್ರೆ ಆಗುತ್ತಾ? ಗಟ್ಟಿಯಾಗೇ ಇದೀನಿ ಅನ್ಕೊಂಡೆ.'

'ಯಾರ್ನೂ ಕೇಳ್ಲಿಲ್ವಾ?'

'ಕೇಳ್ಲಿಲ್ಲ. ಪುಟ್ಟಿ ಹುಟ್ಟಿದ ವಾರಕ್ಕೆ ಶುರುವಾಯ್ತು. ನೀರು ಕಂಡ್ರೆ ನೀರಿಗೆ ಅದ್ದಿಬಿಟ್ರೆ ಅಂತ ಬರುತ್ತೆ. ಈಳಿಗೆ ಕಂಡ್ರೆ ಇನ್ನೊಂದು. ಬೇಡ ಅಂತ ತಲೆ ಕೊಡವಿದ್ರೆ ಮತ್ತೂ ಬರುತ್ತೆ. ದೇವರ ನಾಮ ಹೇಳ್ಕೊಂಡ್ರೆ ಅದರ ಮಧ್ಯಕ್ಕೇ ಬರುತ್ತೆ.' ಅಮ್ಮ ಕಾಳಿನ ಬಟ್ಟಲು ಪಕ್ಕಕ್ಕೆ ಸರಿಸಿದಳು. 'ನನ್ನೊಳಗೆ ಯಾವಳೋ ರಾಕ್ಷಸಿ ಇದಾಳೆ ಕಣೆ ಇಂದೂ. ಇಷ್ಟು ವರ್ಷ ಊರಿನ ಮಕ್ಕಳನ್ನೆಲ್ಲ ನನ್ನ ಕೈಗೆ ಕೊಟ್ಟರು. ಅವರಿಗೆ ಗೊತ್ತಾದ್ರೆ?'

ಮಾರನೆಯ ದಿನ ಮಗುವನ್ನೂ ಎತ್ತಿಕೊಂಡು ಅಮ್ಮನನ್ನು ಆಸ್ಪತ್ರೆಗೆ ಹೊರಡಿಸಿದೆ. ಅಮ್ಮ ದಾರಿಯುದ್ದಕ್ಕೂ ಮರದ ನೆರಳು, ಗೋಡೆಯ ನೆರಳು ಹುಡುಕಿ ಅದರೊಳಗೇ ನಡೆದಳು. ತನ್ನ ನೆರಳು ಬೇರೆಯಾಗಿ ಕಾಣದಿರಲಿ ಎಂದು.

ಡಾಕ್ಟರ್ ಜುಬೇದಾ ಅವರ ಕೋಣೆಯ ಕಿಟಕಿಗೆ ಪರದೆಯೇ ಇರಲಿಲ್ಲ. ಅವರು ಅಮ್ಮನ ಮಾತನ್ನು ಗಲ್ಲಕ್ಕೆ ಕೈಯಾನಿಸಿ ಕೇಳುತ್ತಿದ್ದರು. ನನ್ನ ಕಣ್ಣು ಅಭ್ಯಾಸದಂತೆ ಜಾರಿ ನೆಲಕ್ಕೆ ಹೋಯಿತು. ಅವರ ನೆರಳು ಎದ್ದು ಹೋಗಿ ಹೊರಗಿನ ಸಾಲಿನಲ್ಲಿ ಜಗಳವಾಡುತ್ತಿದ್ದ ಯಾರದೋ ತಲೆಗೆ ಪೇಪರ್‌ವೇಟಿನಿಂದ ಕುಟ್ಟುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. 'ನೋಡಿ, ಪರವಾಗಿಲ್ಲ. ಬೆಳಗ್ಗೆಯಿಂದ ಎಷ್ಟು ಜನಕ್ಕೆ ಹೊಡೆದಿದೆಯೋ' ಅಂದರು. ಆಮೇಲೆ ಅಮ್ಮನ ಕಡೆ ತಿರುಗಿದರು.

'ಮಂಗಳಮ್ಮ, ಆ ಯೋಚನೆ ಬಂದಾಗ ನಿಮಗೆ ಹೇಗಾಗುತ್ತೆ?'

'ಜೀವ ಬಾಯಿಗೆ ಬರುತ್ತೆ.'

'ಹಾಗೆ ಮಾಡ್ಬೇಕು ಅನ್ಸುತ್ತಾ?'

'ಛೆ, ಇಲ್ಲ. ಅದರ ಬದಲು ನನ್ನ ಕೈಯೇ ಬಿದ್ದುಹೋಗ್ಲಿ ಅನ್ಸುತ್ತೆ.'

'ನಿಮಗೇ ಏನಾದ್ರೂ ಮಾಡ್ಕೊಳ್ಳೋ ಮನಸ್ಸು?'

ಅಮ್ಮ ಸ್ವಲ್ಪ ತಡೆದು ತಲೆಯಾಡಿಸಿದಳು. 'ಇಲ್ಲ. ಎಲ್ಲಾದ್ರೂ ದೂರ ಹೋಗ್ಬಿಡೋಣ ಅನ್ಸಿದೆ ಅಷ್ಟೆ.'

ಡಾಕ್ಟರು ಇನ್ನೂ ಬಹಳ ಕೇಳಿದರು. ನಿದ್ದೆ, ಊಟ, ಯಾರಾದರೂ ಮಾತಾಡಿದ ಹಾಗೆ ಕಿವಿಗೆ ಕೇಳುತ್ತದೆಯೇ, ಎಲ್ಲವನ್ನೂ. ಕೊನೆಗೆ ಹೇಳಿದರು: 'ಇದು ರಾಕ್ಷಸಿಯಲ್ಲ, ಕಾಯಿಲೆ. ಯಾವುದು ನಿಮಗೆ ಎಲ್ಲಕ್ಕಿಂತ ಮುದ್ದೋ ಅದನ್ನೇ ಹಿಡ್ಕೊಂಡು ಕಾಡುತ್ತೆ. ಇಂಥ ಯೋಚನೆ ಎಲ್ಲರಿಗೂ ಬಂದು ಹೋಗುತ್ತೆ. ನೀವು ಅದನ್ನ ಓಡಿಸ್ಬೇಕು ಅಂತ ಹಿಂದೆ ಬಿದ್ದಿದೀರ, ಅದಕ್ಕೆ ಅದು ನಿಂತುಬಿಟ್ಟಿದೆ. ಮಾತ್ರೆ ತಿರುಗಿ ಶುರು ಮಾಡೋಣ. ಸ್ವಲ್ಪದರಿಂದ ಏರಿಸ್ತಾ ಹೋಗ್ತೀನಿ. ಮೊದಮೊದಲು ಹೊಟ್ಟೆ ತೊಳೆಸುತ್ತೆ, ತಳಮಳ ಜಾಸ್ತಿನೂ ಆಗ್ಬಹುದು. ಹೆದರಿ ನಿಲ್ಲಿಸ್ಬೇಡಿ, ನನ್ನ ಹತ್ರ ಬನ್ನಿ. ಇನ್ನೊಂದು, ಆ ಗೋಣಿತಾಟು ತೆಗೀರಿ.'

'ತೆಗೆದ್ರೆ ಕಾಣುತ್ತಲ್ಲ ಡಾಕ್ಟ್ರೇ.'

'ಕಾಣ್ಲಿ. ಬಂದ್ರೆ ಬಂತು ಅನ್ನಿ. ಅದಕ್ಕೇ ಸಾಕಾಗಿ ಹೋಗೋವರೆಗೂ ಕೈಲಿರೋ ಕೆಲಸ ನಿಲ್ಲಿಸ್ಬೇಡಿ.'

ಡಾಕ್ಟರು ಹೇಳಿದಂತೆಯೇ ಆಯಿತು. ಮೊದಲ ದಿನಗಳಲ್ಲಿ ಅಮ್ಮನಿಗೆ ಅನ್ನದ ವಾಸನೆಯೇ ಸೇರಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಕೂತಲ್ಲಿ ಕೂರಲಾರದೆ ಹಿತ್ತಲಿಗೂ ಬೀದಿಬಾಗಿಲಿಗೂ ಓಡಾಡುತ್ತಿದ್ದಳು. ನೆರಳಂತೂ ಹುಚ್ಚೆದ್ದ ಹಾಗೆ ಆಡಿತು. ಅಂಗಳದಲ್ಲಿ ರಂಗೋಲಿ ಬಿಡುವಾಗ ಅದು ಮಗುವನ್ನು ಬಾವಿಗೆ, ಬೀದಿಗೆ, ಒಲೆಗೆ ಎಸೆಯುತ್ತಿತ್ತು. 'ಈ ಮಾತ್ರೆನೇ ಮಾಡಿಸ್ತಿದೆ, ಬಿಟ್ಬಿಡ್ತೀನಿ' ಎಂದು ಅಮ್ಮ ಹಟ ಹಿಡಿದಾಗ ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಏರಿಸುವುದನ್ನು ತುಸು ನಿಧಾನ ಮಾಡಿ, ರಾತ್ರಿಯ ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಾಯಿಸಿದರು. ಆ ದಿನಗಳಲ್ಲಿ ಮಗುವಿಗೆ ನಾನೇ ನೀರು ಹಾಕುತ್ತಿದ್ದೆ. ಬಾಣಂತಿ ನೀರು ಮುಟ್ಟಬಾರದೆಂದು ಪಕ್ಕದ ಮನೆಯವರು ಅಂದುಕೊಂಡರೆ ಅಂದುಕೊಳ್ಳಲಿ. ಅಮ್ಮ ಬಾಗಿಲಲ್ಲಿ ಕೂತು 'ಕತ್ತಿಗೆ ಕೈ ಕೊಡು, ಕಿವಿಗೆ ಹೋಗುತ್ತೆ' ಎಂದು ಹೇಳಿಕೊಡುತ್ತಿದ್ದಳು. ಗೋಡೆಯ ಮೇಲಿನ ಅವಳ ನೆರಳನ್ನು ನಾನು ನೋಡಿದರೆ ಅವಳೂ ನೋಡುತ್ತಿದ್ದಳು. ನೋಡಿದೊಡನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆದರೆ ಒಂದು ದಿನ ಅಮ್ಮ ಕಣ್ಣು ಬಿಟ್ಟುಕೊಂಡೇ ಇದ್ದು, ತಲೆಯನ್ನು ಒಂದು ಕಡೆಗೆ ವಾಲಿಸಿ, 'ನೋಡೆ, ದಿನಾ ಅದನ್ನೇ ಮಾಡುತ್ತೆ. ಹೊಸದೇನೂ ಗೊತ್ತಿಲ್ಲ ಅದಕ್ಕೆ' ಅಂದಳು. ಅಮ್ಮನ ದನಿಯಲ್ಲಿ ಅಂಥ ಕುತೂಹಲವನ್ನು ನಾನು ಬಹಳ ದಿನದ ಮೇಲೆ ಕೇಳಿದ್ದು.

ಮಾತ್ರೆ ಪೂರ್ತಿ ಮಟ್ಟಕ್ಕೆ ಏರಿದ ಮೇಲೆ ಗೋಡೆ ಶಾಂತವಾಯಿತು. ಎಷ್ಟು ಶಾಂತ ಎಂದರೆ ಅಮ್ಮ ಬಾಗಿದರೆ ನೆರಳು ಬಾಗಿತು, ಎದ್ದರೆ ಎದ್ದಿತು. ಬೇರೆ ಊರುಗಳಲ್ಲಿ ನೆರಳು ಹೀಗೇ ಇರುತ್ತದಂತೆ. ನಮಗದು ಕಂಡು ಅಭ್ಯಾಸವಿಲ್ಲ. ಮಗು ಮೊದಲ ಸಲ ಗಟ್ಟಿಯಾಗಿ ನಕ್ಕಿತು. ಮೊದಲಾಗಿದ್ದರೆ ಅಮ್ಮನ ನೆರಳು ಮಗುವನ್ನು ಸೂರಿನವರೆಗೂ ಎತ್ತಿ ಕುಣಿಸುತ್ತಿತ್ತು. ಈಗ ಅದು ಅಮ್ಮನ ಕಾಲಬುಡದಲ್ಲಿ ತೆಪ್ಪಗೆ ಬಿದ್ದಿತ್ತು. ಅಮ್ಮನ ಮುಖವೂ ಹಾಗೇ ಇತ್ತು. ಊಟ ಚೆನ್ನಾಗಿದೆಯೇ ಎಂದರೆ 'ಹೂಂ'. ಚೆನ್ನಾಗಿಲ್ಲವೇ ಎಂದರೂ 'ಹೂಂ'. ಅಪ್ಪನ ತಿಥಿಯ ದಿನ ಅಮ್ಮ ಅಳಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, 'ಅಳು ಬರ್ಬೇಕಿತ್ತು ಅನ್ನೋದು ಗೊತ್ತಿದೆ, ಅಳು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ' ಅಂದಳು.

ಅಷ್ಟರಲ್ಲಿ ನನ್ನ ಅತ್ತೆ ದಾಕ್ಷಾಯಿಣಮ್ಮ ಮಗುವನ್ನು ನೋಡಲು ಬಂದರು. ಅವರ ಮನೆ ಹೊಳೆಯಾಚೆಯ ಬೀದಿಯಲ್ಲಿ. ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅಂಗಳದ ರಂಗೋಲಿ ಹೊತ್ತಿನಲ್ಲಿ ಯಾರೋ ನೋಡಬಾರದ್ದನ್ನು ನೋಡಿ ಆಡಬಾರದ್ದನ್ನು ಆಡಿದ್ದರು. ಅತ್ತೆ ಬಂದವರೇ ಅಮ್ಮನ ಮುಖವನ್ನಲ್ಲ, ನೆಲವನ್ನು ನೋಡಿದರು. ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು. 'ನಾನೇನೇನೋ ಕೇಳಿ ಗಾಬರಿಯಾಗಿದ್ದೆ. ಎಷ್ಟು ಸಾಧುವಾಗಿದೆ. ಹೀಗೇ ಇರ್ಲಿ ಬಿಡಿ ಬೀಗರೆ.'

ಅಮ್ಮ ಹೇಳಿದಳು: 'ನಾಳೆ ಡಾಕ್ಟರ ಹತ್ರ ಹೋಗ್ತೀನಿ. ಮಾತ್ರೆ ಸ್ವಲ್ಪ ಇಳಿಸ್ತಾರಾ ಕೇಳ್ಬೇಕು.'

'ಯಾಕೆ? ಇಳಿಸಿ ಮತ್ತೆ ಅದು ಬರ್ಲಿ ಅಂತಲಾ?'

'ಬಂದ್ರೂ ಬರ್ಬಹುದು ಒಂದೊಂದ್ಸಲ. ಆದರೆ ಹೀಗೆ ಆಗಲ್ಲ ದಾಕ್ಷಾಯಿಣಮ್ಮ. ಮಗೂನ ಎತ್ಕೊಂಡ್ರೆ ಅಕ್ಕಿಮೂಟೆ ಎತ್ಕೊಂಡ ಹಾಗಿದೆ.'

ಅತ್ತೆ ಲೋಟವನ್ನು ಕೆಳಗಿಟ್ಟರು. ಅವರು ಕೆಟ್ಟವರಲ್ಲ, ಹೆದರಿದ್ದರು. 'ಹಾಗಾದ್ರೆ ಇಂದೂನೂ ಮಗೂನೂ ನಮ್ಮನೇಲೇ ಇರ್ಲಿ. ಗೊತ್ತಿದ್ದೂ ಗೊತ್ತಿದ್ದೂ ಬಿಟ್ಟುಹೋಗಕ್ಕಾಗಲ್ಲ' ಅಂದರು. ಅಮ್ಮ ಇಲ್ಲ ಎನ್ನಲಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು. ನನ್ನ ನೆರಳು ಆ ಹೊತ್ತು ಏನು ಮಾಡುತ್ತಿತ್ತೋ ನಾನು ನೋಡಿಕೊಳ್ಳಲಿಲ್ಲ. ಹೊರಟುಬಿಡುವುದು ಸುಲಭವಿತ್ತು. ಅಮ್ಮನೂ ತಪ್ಪು ತಿಳಿಯುತ್ತಿರಲಿಲ್ಲ.

'ಡಾಕ್ಟರು ಏನು ಹೇಳ್ತಾರೋ ಕೇಳೋಣ' ಅಂದೆ. 'ಅವರು ಹೂಂ ಅಂದ್ರೆ ಮಗೂಗೆ ಅಮ್ಮನೇ ನೀರು ಹಾಕ್ಲಿ. ನೀವೂ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ ಅತ್ತೆ. ನೋಡಿದ ಮೇಲೂ ಬೇಡ ಅನ್ನಿಸಿದ್ರೆ ನಾನೇ ಹೊರಡ್ತೀನಿ.'

ಡಾಕ್ಟರ್ ಜುಬೇದಾ ಒಮ್ಮೆಗೇ ಇಳಿಸಲಿಲ್ಲ. ಕಾಲು ಭಾಗ ಕಡಿಮೆ ಮಾಡಿ ಕೆಲವು ವಾರ ಕಾದರು. ನೋಡಿಕೊಂಡು ಅಷ್ಟಕ್ಕೇ ನಿಲ್ಲಿಸಿದರು. 'ಇದು ಅಳತೆ ಬಟ್ಟೆ ಹೊಲಿದ ಹಾಗೆ ಮಂಗಳಮ್ಮ. ಬಿಗಿಯಾದ್ರೆ ಬಿಚ್ಚಬೇಕು, ಸಡಿಲಾದ್ರೆ ಹಿಡೀಬೇಕು. ನಿಮ್ಮಷ್ಟಕ್ಕೆ ನೀವು ಕತ್ತರಿ ಹಾಕ್ಬೇಡಿ ಅಷ್ಟೆ' ಅಂದರು. ಮಗುವಿಗೆ ನೀರು ಹಾಕಬಹುದೇ ಎಂದು ನಾನು ಕೇಳಿದೆ. 'ಹಾಕ್ಬಹುದು ಅಲ್ಲ, ಹಾಕ್ಬೇಕು' ಅಂದರು. ಅಮ್ಮ ನಿಧಾನಕ್ಕೆ ತಿರುಗಿ ಬಂದಳು. ಒಂದು ಮಧ್ಯಾಹ್ನ ಹಪ್ಪಳ ಸೀದುಹೋಗಿದ್ದಕ್ಕೆ ನನ್ನ ಮೇಲೆ ರೇಗಿದಳು. ಬೈಸಿಕೊಂಡು ಅಷ್ಟು ಸಂತೋಷವಾದದ್ದು ನನಗೆ ಅದೇ ಮೊದಲು. ಅಮ್ಮನ ಕೋಣೆಯಿಂದ ಅಳುವ ಸದ್ದೂ ಒಂದು ದಿನ ಕೇಳಿತು. ಹೋಗಿ ನೋಡಿದರೆ ಅಪ್ಪನ ಅಂಗಿ ಮಡಿಸುತ್ತ ಅಳುತ್ತಿದ್ದಳು. ನಾನು ಬಾಗಿಲು ಮುಂದೆ ಮಾಡಿ ಬಂದೆ.

ನಾನು ಹೇಳಿಕಳಿಸಿದ ದಿನವೇ ಅತ್ತೆ ಬಂದರು. ಬಚ್ಚಲಲ್ಲಿ ಒಂದು ಮಣೆ ಹಾಕಿಕೊಂಡು ಟವೆಲ್ಲು ಮಡಿಲಲ್ಲಿಟ್ಟುಕೊಂಡು ಕೂತರು. ಕಿಟಕಿ ಪೂರ್ತಿ ತೆರೆದಿತ್ತು. ಅಮ್ಮ ಕಾಲು ನೀಡಿದಳು, ನಾನು ಮಗುವನ್ನು ಅವಳ ಕಾಲ ಮೇಲೆ ಇಟ್ಟೆ. ಎಣ್ಣೆ ಒತ್ತುವಾಗ ಗೋಡೆಯ ಮೇಲಿನ ನೆರಳೂ ಎಣ್ಣೆಯನ್ನೇ ಒತ್ತುತ್ತಿತ್ತು. ಕಡಲೆಹಿಟ್ಟು ತೀಡುವಾಗ ನೆರಳು ಮಗುವಿನ ಪಾದವನ್ನು ಬಾಯಿಗಿಟ್ಟುಕೊಂಡು ಕಚ್ಚುವ ಆಟ ಆಡಿತು. ಅಮ್ಮ ತಂಬಿಗೆ ಎತ್ತಿದಳು. ಆಗ ಬಂತು. ಗೋಡೆಯ ಮೇಲಿನ ಕೈ ಮಗುವಿನ ಕತ್ತಿಗೆ ಹೋಗಿ, ಹಂಡೆಯ ಕಡೆಗೆ ಎಳೆಯಿತು. ಅತ್ತೆಯ ಉಸಿರು ನಿಂತದ್ದು ನನಗೆ ಕೇಳಿಸಿತು. ಅಮ್ಮ ಗೋಡೆಯನ್ನು ನೋಡಿದಳು, ಬೀದಿಯಲ್ಲಿ ಹೋಗುವ ಪರಿಚಯದವರನ್ನು ನೋಡುವ ಹಾಗೆ. 'ಬಂತು' ಅಂದಳು. ಕೈ ಮಗುವಿನ ಹಣೆಯನ್ನು ಬಿಡಲಿಲ್ಲ. ನೀರು ಅದೇ ಸಣ್ಣ ಧಾರೆಯಾಗಿ ಇಳಿಯಿತು, ಮಗು ಕಣ್ಣು ಪಿಳುಕಿಸಿತು. ಗೋಡೆಯ ಮೇಲಿನದು ಎರಡು ಸಲ ಅದ್ದಿ, ಏನೂ ಸಿಗದವರ ಹಾಗೆ ಕೈ ಬಿಟ್ಟು, ಮೆಲ್ಲಗೆ ಅಮ್ಮನ ಕೈಯೊಳಕ್ಕೇ ಬಂದು ಸೇರಿಕೊಂಡಿತು.

ಅತ್ತೆ ಅಷ್ಟು ಹೊತ್ತಿಗೆ ಗೋಡೆಯನ್ನು ಬಿಟ್ಟು ಅಮ್ಮನ ಕೈಯನ್ನು ನೋಡುತ್ತಿದ್ದರು. ಆಮೇಲೆ ಅತ್ತೆ ಹಂಡೆಗೆ ಬೆರಳು ಅದ್ದಿ, 'ಇನ್ನೊಂಚೂರು ಬಿಸಿ ಇರ್ಬಹುದು ಬೀಗರೆ. ನಮ್ಮ ಕಡೆ ಇದಕ್ಕಿಂತ ಬಿಸಿ ಹಾಕ್ತೀವಿ' ಅಂದರು. ಟವೆಲ್ಲು ಬಿಚ್ಚಿ ಎರಡೂ ಕೈ ಚಾಚಿದರು. ಮಗುವನ್ನು ತೆಗೆದುಕೊಂಡು ಹೋಗುವ ಮಾತು ಮತ್ತೆ ಬರಲಿಲ್ಲ.

ಊರು ಮಾತ್ರ ಅಷ್ಟು ಬೇಗ ಸರಿಹೋಗಲಿಲ್ಲ. ತಿಂಗಳುಗಟ್ಟಲೆ ಯಾರೂ ಅಮ್ಮನಿಗೆ ಹೇಳಿಕಳಿಸಲಿಲ್ಲ. ಎದುರು ಸಿಕ್ಕವರು ಮುಖ ನೋಡಿ ಮಾತಾಡಿ, ಅಮ್ಮ ಮುಂದೆ ಹೋದ ಮೇಲೆ ನೆಲ ನೋಡುತ್ತಿದ್ದರು. ಅಮ್ಮ ಆಸ್ಪತ್ರೆಗೆ ಹೋಗಿಬರುತ್ತಿದ್ದಳು. ಬೆಳಗಿನ ತಿಂಡಿಯಾದ ಮೇಲೆ ಮಾತ್ರೆ ನುಂಗಿ, ನೀರಿನ ಲೋಟ ತೊಳೆದಿಡುತ್ತಿದ್ದಳು. ಮರದ ನೆರಳು ಹುಡುಕಿಕೊಂಡು ನಡೆಯುವುದನ್ನು ಬಿಟ್ಟಿದ್ದಳು.

ನಾನು ಗಂಡನ ಮನೆಗೆ ಹೊರಡುವ ವಾರದಲ್ಲಿ, ಒಂದು ಬೆಳಗ್ಗೆ, ಕೆಳಗಿನ ಕೇರಿಯ ಸುಗಂಧಿ ಎಂಬ ಹುಡುಗಿ ತನ್ನ ಎಳೆಮಗುವನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು. ಕಣ್ಣು ಗುಳಿಬಿದ್ದಿತ್ತು. ಮಾಡಿನ ಕೆಳಗಿನ ಕತ್ತಲಲ್ಲೇ ನಿಂತಳು, ಬಿಸಿಲಿಗೆ ಬರಲಿಲ್ಲ.

'ಮಂಗಳಕ್ಕ, ಮಗೂಗೆ ನೀರು ಹಾಕ್ಕೊಡ್ತೀರಾ? ನನ್ನ ಕೈಲಿ ಆಗ್ತಿಲ್ಲ.'

ಅಮ್ಮ ತಕ್ಷಣ ಕೈ ಚಾಚಲಿಲ್ಲ. 'ನನ್ನ ವಿಷಯ ಕೇಳಿದೀಯ ತಾನೆ? ಕೇಳಿಲ್ಲ ಅಂದ್ರೆ ನಾನೇ ಹೇಳ್ಬೇಕು. ನೀರು ಹಾಕುವಾಗ ನನ್ನ ನೆರಳು ಮಗೂನ ಹಂಡೆಗೆ ಅದ್ದುತ್ತೆ. ಈಗ ಅಪರೂಪ. ಆದರೂ ಬರುತ್ತೆ. ಮಾತ್ರೆ ತಗೊಳ್ತಿದೀನಿ. ಕೈ ಯಾವತ್ತೂ ತಪ್ಪಿಲ್ಲ. ಇಷ್ಟು ತಿಳಿದು ಕೊಡೋದಾದ್ರೆ ಕೊಡು.'

ಸುಗಂಧಿ ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಹೊರಟುಹೋಗುತ್ತಾಳೆ ಅಂದುಕೊಂಡೆ. ಅವಳು ಹೋಗಲಿಲ್ಲ. 'ಕೇಳಿದೀನಿ ಅಕ್ಕ' ಅಂದಳು ಕೊನೆಗೆ. 'ಅದಕ್ಕೇ ನಿಮ್ಮ ಹತ್ರನೇ ಬಂದೆ.'

ಅಮ್ಮ ಅವಳನ್ನೇ ನೋಡಿದಳು. ಆಮೇಲೆ ಒಂದು ಹೆಜ್ಜೆ ಸರಿದು ಒಳಗೆ ಬರಲು ಜಾಗ ಮಾಡಿಕೊಟ್ಟಳು. ನಮ್ಮ ಊರಿನಲ್ಲಿ ಯಾರೂ ಯಾರನ್ನೂ ಕೇಳದ ಮಾತನ್ನು, ಊಟವಾಯಿತೇ ಎಂದು ಕೇಳುವಷ್ಟು ಸಲೀಸಾಗಿ ಕೇಳಿದಳು.

'ಬಾ ಕೂತ್ಕೊ. ನಿನ್ನದು ಏನು ಮಾಡುತ್ತೆ?'